ಇಸ್ರೇಲಿನ ಚಿತ್ರಗಳಲ್ಲಿ ಮನೆ ಮತ್ತು ಮದುವೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಸಂಸಾರದ ಕಷ್ಟವೇನೆಂದು ತಿಳಿಯಬೇಕಾದರೆ ಈ ಎರಡರಲ್ಲಿ ಒಂದಕ್ಕೆ ಕೈಹಾಕಿದರೆ ಸಾಕು ಎಂಬುದು ಅವರ ಅನುಭವದ ಮಾತು. ಇಸ್ರೇಲಿನ ಕಳೆದ ಅರವತ್ತು ವರ್ಷಗಳ ಉತ್ತಮ ಚಲಚ್ಚಿತ್ರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದವರಿಗೆ ಈ ಗಾದೆ ನೆನಪಾಗದೆ ಇರದು. ಆ ಚಿತ್ರಗಳ ಕಥಾವಸ್ತುವನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಒಬ್ಬನಿಗೆ ಮನೆ ಸಿಗುವುದಿಲ್ಲ. ಇನ್ನೊಬ್ಬನಿಗೆ ಒಲಿದವಳೊಡನೆ ಮದುವೆಯಾಗುವುದಿಲ್ಲ. ಮತ್ತೊಬ್ಬಳಿಗೆ ಆದ ಮದುವೆಯಿಂದ ಬಿಡುಗಡೆ ಇಲ್ಲ. ಕಥೆಗಳೆಲ್ಲ ಇಷ್ಟೇ. ಆದರೆ ಈ ‘ಇಷ್ಟೇ’ ಎಂಬುದರಲ್ಲಿ ಒಂದು ದೇಶದ ಇತಿಹಾಸವೇ ಅಡಗಿ ಕುಳಿತಿದೆ.

ಇಸ್ರೇಲ್ ಎಂದೊಡನೆ ಪತ್ರಿಕೆ ಓದುವ ನಮಗೆ ಕಣ್ಣಮುಂದೆ ಬರುವುದು ಯುದ್ಧ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿ, ಅದರ ಹಿಂದೆಯೇ ಗಾಜಾದಲ್ಲಿ ನಡೆದ ಯುದ್ಧ, ಇವುಗಳ ಸುದ್ದಿಯನ್ನು ಓದಿದವರು, ಆ ದೇಶದ ಚಿತ್ರಗಳಲ್ಲಿಯೂ ಬಂದೂಕಿನ ಸದ್ದೇ ಕೇಳಬಹುದೆಂದು ಊಹಿಸಿದರೆ ತಪ್ಪೇನೂ ಇಲ್ಲ. ಯುದ್ಧದ ಚಿತ್ರಗಳು ಅಲ್ಲಿ ಇಲ್ಲದೆಯೂ ಇಲ್ಲ. ಆದರೆ ಅಲ್ಲಿನ ಮನಮುಟ್ಟುವ ಚಿತ್ರಗಳಲ್ಲಿ ಅನೇಕವು ಅಡಿಗೆಮನೆ, ಊಟದ ಮೇಜು, ಇಕ್ಕಟ್ಟಾದ ಜಗಲಿ, ನ್ಯಾಯಾಲಯದ ಬೆಂಚು ಇವುಗಳ ನಡುವೆಯೇ ನಡೆಯುತ್ತವೆ. ಇದಕ್ಕೆ ಕಾರಣವುಂಟು. ಆ ದೇಶದಲ್ಲಿ ಮನೆಯೂ ಮದುವೆಯೂ ಮನೆಯವರಿಗಷ್ಟೇ ಸೇರಿದ ಸಂಗತಿಗಳಾಗಿ ಉಳಿಯಲಿಲ್ಲ. ಬಂದವರಿಗೆ ಎಲ್ಲಿ ಮನೆ ಎಂಬುದನ್ನು ಸರ್ಕಾರ ಗೊತ್ತುಮಾಡಿತು. ಯಾರು ಯಾರನ್ನು ಮದುವೆಯಾಗಬಹುದೆಂಬುದನ್ನು ಧರ್ಮಪೀಠ ಗೊತ್ತುಮಾಡಿತು. ಆದ್ದರಿಂದ ಅಲ್ಲಿನ ದಿಗ್ದರ್ಶಕನು ಒಂದು ಸಂಸಾರದ ಕಥೆಯನ್ನು ಪ್ರಾಮಾಣಿಕವಾಗಿ ಹೇಳಹೊರಟರೆ, ರಾಜ್ಯದ ಹೆಸರನ್ನು ಎತ್ತದೆಯೇ ರಾಜ್ಯದ ಕಥೆಯನ್ನು ಹೇಳಿದಂತಾಗುತ್ತದೆ. ಅವನು ಎಷ್ಟು ದೂರ ನೋಡಿದ್ದಾನೆ, ಯಾರ ಮನೆಯನ್ನು ತೋರಿಸಿದ್ದಾನೆ, ಯಾರ ಮನೆಯನ್ನು ಬಿಟ್ಟಿದ್ದಾನೆ ಎಂಬುದೇ ಆ ಚಿತ್ರಗಳನ್ನು ತೂಗಲು ತಕ್ಕ ತಕ್ಕಡಿಯೆಂದು ನಮ್ಮ ಅಭಿಪ್ರಾಯ. (ಚಿತ್ರಗಳ ಹೆಸರುಗಳನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿಯೇ ಕೊಟ್ಟಿದೆ.)

1948ರಲ್ಲಿ ರಾಜ್ಯ ಸ್ಥಾಪನೆಯಾದಾಗ ಅಲ್ಲಿದ್ದ ಯೆಹೂದ್ಯರ ಸಂಖ್ಯೆ ಸುಮಾರು ಆರೂವರೆ ಲಕ್ಷ. 1951ರ ಕೊನೆಯ ಹೊತ್ತಿಗೆ ಹೊರಗಿನಿಂದ ಬಂದು ಸೇರಿದವರು ಸುಮಾರು ಏಳು ಲಕ್ಷ. ಮನೆಯಲ್ಲಿದ್ದವರಿಗಿಂತ ಬಂದ ನೆಂಟರೇ ಹೆಚ್ಚಾದಂತಾಯಿತು! ಯೂರೋಪಿನ ನರಮೇಧದಿಂದ ಪಾರಾಗಿ ಬಂದವರು ಕೆಲವರು. ಇರಾಕ್, ಯೆಮೆನ್, ಮೊರೊಕ್ಕೊ ಮೊದಲಾದ ನಾಡುಗಳಿಂದ ಬಂದವರು ಕೆಲವರು. ಇವರಿಗೆಲ್ಲ ಮನೆಗಳೆಲ್ಲಿಂದ ಬರಬೇಕು? ‘ಮಾಬರಾ’ ಎಂಬ ತಾತ್ಕಾಲಿಕ ಶಿಬಿರಗಳು ಎದ್ದವು. ಡೇರೆ, ತಗಡಿನ ಗುಡಿಸಲು, ನೀರಿಗೆ ಸಾಲು. ತಾತ್ಕಾಲಿಕವೆಂದು ಹೇಳಿದ್ದು ಎಷ್ಟೋ ಸಂಸಾರಗಳಿಗೆ ವರ್ಷಗಟ್ಟಲೆ ಮನೆಯಾಯಿತು.

ಮೊದಮೊದಲ ಚಿತ್ರಗಳಿಗೆ ಇದರ ಕಡೆ ಗಮನವಿರಲಿಲ್ಲ. 1955ರ ‘24ನೆಯ ಗುಡ್ಡ ಉತ್ತರಿಸುತ್ತಿಲ್ಲ’ ಎಂಬ ಪ್ರಸಿದ್ಧ ಚಿತ್ರ ವೀರರಸ ಪ್ರಧಾನವಾದದ್ದು. ಜೆರೂಸಲೇಮಿನ ಬಳಿಯ ಗುಡ್ಡವೊಂದನ್ನು ಕಾಯಹೋದ ನಾಲ್ವರ ಕಥೆ. ಅದನ್ನು ದಿಗ್ದರ್ಶಿಸಿದವರು ಥೊರಾಲ್ಡ್ ಡಿಕಿನ್ಸನ್ ಎಂಬ ಇಂಗ್ಲೆಂಡಿನವರು. ಅಂಥ ಚಿತ್ರಗಳಲ್ಲಿ ಗುಡ್ಡ ಹಿಡಿಯುವವರಿದ್ದಾರೆ, ಗುಡ್ಡದ ಕೆಳಗೆ ಒಲೆ ಹೊತ್ತಿಸುವವರಿಲ್ಲ. ಹೊಸ ರಾಜ್ಯಗಳ ಮೊದಲ ಹಾಡು ಹೀಗಿರುವುದು ಸಹಜವೇ.

ಒಲೆ ಹೊತ್ತಿಸಿದ್ದು 1964ರಲ್ಲಿ ಬಂದ ‘ಸಲ್ಲಾಹ್ ಶಬಾತಿ’. ಅದನ್ನು ಬರೆದು ದಿಗ್ದರ್ಶಿಸಿದ ಎಫ್ರಾಯಿಮ್ ಕಿಶೋನ್ ಅವರು ಹಂಗೆರಿಯಲ್ಲಿ ಹುಟ್ಟಿ, ನಾಜಿಗಳ ಕೈಯಿಂದ ಪಾರಾಗಿ, 1949ರಲ್ಲಿ ಇಸ್ರೇಲಿಗೆ ಬಂದವರು. ಹೀಬ್ರೂ ಭಾಷೆಯನ್ನು ಬಂದಮೇಲೆ ಕಲಿತು, ಆ ಭಾಷೆಯ ಪತ್ರಿಕೆಯಲ್ಲಿಯೇ ವಿನೋದದ ಅಂಕಣಗಳನ್ನು ಬರೆದು ಮನೆಮಾತಾದವರು. ಕಥಾನಾಯಕ ಸಲ್ಲಾಹ್ ಪೂರ್ವದ ಯಾವುದೋ ನಾಡಿನಿಂದ ಹೆಂಡತಿಯನ್ನೂ ಮಕ್ಕಳ ಹಿಂಡನ್ನೂ ಕಟ್ಟಿಕೊಂಡು ವಿಮಾನದಿಂದ ಇಳಿಯುತ್ತಾನೆ. ಮನೆ ಸಿಗುವುದೆಂದು ನಂಬಿ ಬಂದವನಿಗೆ ಸಿಗುವುದು ಮಾಬರಾದ ಒಂದು ಹರುಕು ಗುಡಿಸಲು. ಅವನಿಗೆ ದುಡಿಮೆಯಲ್ಲಿ ಆಸಕ್ತಿ ಅಷ್ಟಕ್ಕಷ್ಟೆ. ದಾಳ ಹಾಕಿ ಕಾಯಿ ನಡೆಸುವ ಶೇಷ್-ಬೇಷ್ ಆಟದಲ್ಲಿ ಮಾತ್ರ ಸೋಲಿಲ್ಲ. ಮನೆಗಾಗಿ ಅವನು ಹೂಡದ ಉಪಾಯವಿಲ್ಲ. ಚುನಾವಣೆ ಬಂದರೆ ಎಲ್ಲ ಪಕ್ಷದವರಿಂದಲೂ ಹಣ ಪಡೆದು ಎಲ್ಲರಿಗೂ ಮತದ ಮಾತು ಕೊಡುತ್ತಾನೆ. ಗಿಡ ನೆಡುವ ಕೂಲಿಗೆ ಹೋದರೆ ಅಲ್ಲೊಂದು ಸ್ವಾರಸ್ಯ ಕಾಣುತ್ತದೆ: ಹೊರದೇಶದ ದಾನಿಯೊಬ್ಬರು ಬಂದು ತಮ್ಮ ಹೆಸರಿನ ವನವನ್ನು ನೋಡಿ ಸಂತೋಷಪಟ್ಟು ಹೋದೊಡನೆ, ಅದೇ ಜಾಗದಲ್ಲಿ ಇನ್ನೊಬ್ಬ ದಾನಿಯ ಹೆಸರಿನ ಫಲಕವನ್ನು ನೆಡುತ್ತಾರೆ. ಕೊನೆಗೆ ಸಲ್ಲಾಹ್ ಒಂದು ಸತ್ಯವನ್ನು ಕಂಡುಕೊಳ್ಳುತ್ತಾನೆ. ಈ ಸರ್ಕಾರದಿಂದ ಬೇಡಿದ್ದು ಸಿಗುವುದಿಲ್ಲ, ಬೇಡವೆಂದದ್ದು ಸಿಗುತ್ತದೆ! “ನಮಗೆ ಮನೆ ಬೇಡ, ಮಾಬರಾವೇ ಇರಲಿ” ಎಂದು ಮೆರವಣಿಗೆ ಹೊರಡಿಸುತ್ತಾನೆ. ಅಧಿಕಾರಿಗಳು ಬಲವಂತವಾಗಿ ಅವನನ್ನು ಹೊಸ ಮನೆಗೆ ಸಾಗಿಸುತ್ತಾರೆ.

ಈ ಚಿತ್ರ ಆಸ್ಕರ್ ಪ್ರಶಸ್ತಿಯ ಕಣಕ್ಕೆ ಹೋದ ಇಸ್ರೇಲಿನ ಮೊದಲ ಚಿತ್ರ. ಸಲ್ಲಾಹನ ಪಾತ್ರ ವಹಿಸಿದ ಹಾಯಿಮ್ ತೊಪೋಲ್ ಅವರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಆದರೂ ಆ ಮುದಿ ಸಂಸಾರಿಯ ನಡಿಗೆ, ಕಣ್ಣು ಮಿಟುಕಿಸುವ ರೀತಿ, ಸಿಟ್ಟು, ಎಲ್ಲವೂ ನಂಬುವಂತಿವೆ. ನಗು ಧಾರಾಳವಾಗಿದೆ. ಆದರೆ ನಕ್ಕು ಮುಗಿದಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಸಲ್ಲಾಹ್ ಯಾವ ದೇಶದವನೆಂಬುದನ್ನು ಚಿತ್ರ ಹೇಳುವುದೇ ಇಲ್ಲ. ಬಾಗ್ದಾದಿನಲ್ಲಿ ವ್ಯಾಪಾರಿಯಾಗಿದ್ದವನೂ, ಲೆಕ್ಕಪತ್ರ ಬಲ್ಲವನೂ, ಸಂಗೀತಗಾರನೂ, ಯೆಮೆನಿನ ಅಕ್ಕಸಾಲಿಯೂ ಎಲ್ಲರೂ ಒಬ್ಬ ಸಲ್ಲಾಹನಲ್ಲಿ ಕರಗಿಹೋಗಬೇಕೆ? ಯೂರೋಪಿನಿಂದ ಬಂದ ಬರಹಗಾರ ಪೂರ್ವದಿಂದ ಬಂದವನನ್ನು ಹೀಗೆ ಸೋಮಾರಿಯೂ ಮುಗ್ಧನೂ ಆದ ಒಂದು ಅಚ್ಚಿಗೆ ಎರಕಹೊಯ್ದದ್ದು ನ್ಯಾಯವೆ? ಇರಾಕಿ ಯೆಹೂದ್ಯ ಮನೆತನದ ವಿದುಷಿ ಎಲ್ಲಾ ಶೋಹಾತ್ ಅವರು 1989ರಲ್ಲಿ ಪ್ರಕಟಿಸಿದ ಇಸ್ರೇಲಿ ಚಿತ್ರರಂಗದ ಅಧ್ಯಯನದಲ್ಲಿ ಈ ಬಗೆಯ ಪ್ರಶ್ನೆಗಳನ್ನು ಕಟುವಾಗಿಯೇ ಎತ್ತಿದ್ದಾರೆ. ಅವರ ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದು ಚಿತ್ರವನ್ನು ತಳ್ಳಿಹಾಕುವಂತಿಲ್ಲ. ಕಿಶೋನರ ವಿನೋದ ಅಧಿಕಾರಿಗಳನ್ನೂ, ಪಕ್ಷಗಳನ್ನೂ, ಆದರ್ಶದ ‘ಕಿಬ್ಬುತ್ಸ್’ ಸಾಮೂಹಿಕ ವಸತಿಗಳವರನ್ನೂ ಬಿಡುವುದಿಲ್ಲ. ದೇಶ ಕಟ್ಟುವ ಭಾಷಣದ ನಡುವೆ “ನನ್ನ ಮನೆ ಎಲ್ಲಿ?” ಎಂದು ಕೇಳಿದವನು ಸಲ್ಲಾಹನೇ.

ಈ ಚಿತ್ರದ ಯಶಸ್ಸನ್ನು ಕಂಡು ಮುಂದೆ ಹತ್ತು ಹದಿನೈದು ವರ್ಷ ಒಂದು ಜಾತಿಯ ಚಿತ್ರಗಳೇ ಬೆಳೆದವು. ಅವಕ್ಕೆ ‘ಬುರೆಕಾಸ್ ಚಿತ್ರಗಳು’ ಎಂದು ಹೆಸರು. ಬುರೆಕಾಸ್ ಎಂದರೆ ಗಿಣ್ಣು ಅಥವಾ ಆಲೂಗೆಡ್ಡೆಯ ಹೂರಣವಿಟ್ಟು ಬೇಯಿಸಿದ, ಬೀದಿಯಲ್ಲಿ ಅಗ್ಗಕ್ಕೆ ಸಿಗುವ ಪದರು ಪದರಾದ ತಿಂಡಿ. ಬಡ ಪೂರ್ವದವರ ಮನೆಯ ಹುಡುಗ, ಸಿರಿವಂತ ಯೂರೋಪಿಯನರ ಮನೆಯ ಹುಡುಗಿ, ತಂದೆತಾಯಿಗಳ ಜಗಳ, ಕೊನೆಗೆ ಮದುವೆ. ಎರಡು ಜನಾಂಗಗಳ ಅಂತರವನ್ನು ಒಂದು ಲಗ್ನದಿಂದ ಮುಚ್ಚಿಬಿಡುವ ಈ ಚಿತ್ರಗಳನ್ನು ವಿಮರ್ಶಕರು ಹಳಿದರು, ಜನ ಮುಗಿಬಿದ್ದು ನೋಡಿದರು. ಜನರ ಮೆಚ್ಚಿಕೆಯನ್ನು ಅಲ್ಲಗಳೆಯಬೇಕಾಗಿಲ್ಲ. ತಮ್ಮ ಮನೆಯ ಊಟ, ಬೈಗುಳ, ಹಾಡುಗಳು ಪರದೆಯ ಮೇಲೆ ಬಂದುದೇ ಅವರಿಗೊಂದು ಸಂತೋಷ. ಆದರೆ ತೆರೆ ಬಿದ್ದಮೇಲೆ ಆ ದಂಪತಿಗಳು ಯಾವ ಕೇರಿಯಲ್ಲಿ ಮನೆ ಹಿಡಿದರು ಎಂದು ಕೇಳಿದ ಚಿತ್ರ ಅವುಗಳಲ್ಲಿ ಅಪರೂಪ.

ಅದೇ ಕಾಲದಲ್ಲಿ, ಅದೇ ಪೂರ್ವದ ಸಂಸಾರವನ್ನು ಗೌರವದಿಂದ ನೋಡಿದವರು ಮೋಶೆ ಮಿಜ್ರಾಹಿ. ಅವರು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿದವರು. ಅವರ ‘ಶೆಲೂಶ್ ಬೀದಿಯ ಮನೆ’ (1973) ತೆಲ್ ಅವೀವಿನ ಒಂದು ಬಡಬೀದಿಯಲ್ಲಿ, ರಾಜ್ಯ ಹುಟ್ಟುವ ಮುಂಚಿನ ದಿನಗಳಲ್ಲಿ ನಡೆಯುತ್ತದೆ. ಕ್ಲಾರಾ ಎಂಬ ವಿಧವೆ ದುಡಿದು ಮಕ್ಕಳನ್ನು ಸಾಕುತ್ತಾಳೆ. ಹಿರಿಯ ಮಗ ಸಾಮಿ ಓದುವ ವಯಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಹೊರಗೆ ಬ್ರಿಟಿಷರ ವಿರುದ್ಧ ಹೋರಾಟ, ಒಳಗೆ ದಿನದ ಅನ್ನದ ಹೋರಾಟ. ಈ ಎರಡರಲ್ಲಿ ಯಾವುದು ದೊಡ್ಡದೆಂದು ಮಿಜ್ರಾಹಿ ತೀರ್ಪು ಕೊಡುವುದಿಲ್ಲ. ಇತಿಹಾಸ ಆ ಮನೆಯ ಬಾಗಿಲನ್ನು ತಟ್ಟುವವರೆಗೂ ಅವರು ಅಂಗಳದಲ್ಲಿಯೇ ಕುಳಿತಿರುತ್ತಾರೆ. ಕ್ಲಾರಾಳ ಪಾತ್ರ ವಹಿಸಿದ ಗಿಲಾ ಅಲ್ಮಗೋರ್ ಅವರ ಮುಖದಲ್ಲಿ ದಣಿವೂ ಗತ್ತೂ ಒಟ್ಟಿಗೆ ಇವೆ. ಸಲ್ಲಾಹನಲ್ಲಿ ನಾವು ಕಂಡ ನಗೆಯ ಗೊಂಬೆಗೆ ಇಲ್ಲಿ ಜೀವ ಬಂದಿದೆ.

ಇದೇ ಅಲ್ಮಗೋರ್ ಅವರು ಹದಿನೈದು ವರ್ಷಗಳ ಬಳಿಕ ಮತ್ತೊಬ್ಬ ತಾಯಿಯಾಗಿ ಬಂದರು. ‘ಅವಿಯಾಳ ಬೇಸಿಗೆ’ (1988) ಅವರು ತಮ್ಮ ಬಾಲ್ಯವನ್ನು ಕುರಿತು ಬರೆದ ಪುಸ್ತಕವನ್ನು ಆಧರಿಸಿ ಎಲಿ ಕೊಹೆನ್ ದಿಗ್ದರ್ಶಿಸಿದ ಚಿತ್ರ. ಅದರಲ್ಲಿ ಅವರು ವಹಿಸಿದ್ದು ತಮ್ಮ ತಾಯಿಯನ್ನೇ ಹೋಲುವ ಪಾತ್ರ! 1951ರ ಬೇಸಿಗೆ. ಹತ್ತು ವರ್ಷದ ಹುಡುಗಿಯನ್ನು ವಸತಿಶಾಲೆಯಿಂದ ತಾಯಿ ಮನೆಗೆ ಕರೆತರುತ್ತಾಳೆ. ತಲೆಯಲ್ಲಿ ಹೇನು ಕಂಡೊಡನೆ ಮಗಳ ಕೂದಲನ್ನು ಬೋಳಿಸಿಬಿಡುತ್ತಾಳೆ. ತಾಯಿಗೆ ಪ್ರೀತಿಯಿಲ್ಲವೆಂದಲ್ಲ, ಯೂರೋಪಿನಲ್ಲಿ ಅವಳು ಉಂಡ ಕಷ್ಟ ಅವಳ ಬುದ್ಧಿಯನ್ನು ಅಲುಗಿಸಿಬಿಟ್ಟಿದೆ. ನೆರೆಹೊರೆಯವರ ಬಟ್ಟೆ ಒಗೆದು ಇಸ್ತ್ರಿಮಾಡಿ ಬದುಕುವ ಅವಳನ್ನು ಕಂಡು ಕೇರಿಯವರು ಹಿಂದಿನಿಂದ ನಗುತ್ತಾರೆ. ಹೊಸ ರಾಜ್ಯ ಎದೆಗಾರಿಕೆಯನ್ನು ಬೇಡುತ್ತಿದ್ದ ಕಾಲ ಅದು. ಬದುಕಿ ಬಂದವರ ಗಾಯ ಅದಕ್ಕೆ ಮುಜುಗರವಾಗಿತ್ತು. ಆ ಮುಜುಗರವನ್ನು ಭಾಷಣವಿಲ್ಲದೆ, ಒಬ್ಬ ಬೋಳುತಲೆಯ ಹುಡುಗಿಯ ಕಣ್ಣಿನಿಂದ ಈ ಚಿತ್ರ ತೋರಿಸುತ್ತದೆ. ಮನೆ ಇದೆ, ಮೇಲೆ ಸೂರಿದೆ; ಆದರೆ ಮನೆಯೊಳಗೆ ನೆಮ್ಮದಿ ಕಟ್ಟುವ ಸಾಮಗ್ರಿ ಯಾವ ಸರ್ಕಾರದ ಬಳಿಯೂ ಇರಲಿಲ್ಲ. ಬರ್ಲಿನ್ ಚಿತ್ರೋತ್ಸವ 1989ರಲ್ಲಿ ಇದಕ್ಕೆ ಬೆಳ್ಳಿಯ ಕರಡಿಯನ್ನು ಕೊಟ್ಟು ಗೌರವಿಸಿತು.

ಇನ್ನು ಮದುವೆಯ ಮಾತು. ಇಸ್ರೇಲಿನ ಯೆಹೂದ್ಯರ ಮದುವೆ ಮತ್ತು ವಿಚ್ಛೇದನಗಳು 1953ರ ಕಾಯಿದೆಯಂತೆ ರಬ್ಬಿಗಳ ಧಾರ್ಮಿಕ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದವು. ಮುಸ್ಲಿಮರಿಗೂ ಕ್ರೈಸ್ತರಿಗೂ ಅವರವರ ಧರ್ಮದ ನ್ಯಾಯಾಲಯಗಳುಂಟು. ಆದ್ದರಿಂದ ‘ನೀನು ಯಾರು?’ ಎಂಬ ಪ್ರಶ್ನೆ ಅಲ್ಲಿ ಲಗ್ನದ ಹೊತ್ತಿಗೆ ಎದ್ದು ನಿಲ್ಲುತ್ತದೆ. ನಮ್ಮ ದೇಶದಿಂದ ಹೋದವರಿಗೂ ಇದರ ಬಿಸಿ ತಟ್ಟಿತು. ಕೊಂಕಣ ತೀರದಲ್ಲಿ ಗಾಣ ನಡೆಸಿಕೊಂಡಿದ್ದು, ಶನಿವಾರ ಗಾಣ ಕಟ್ಟದಿದ್ದುದರಿಂದ ‘ಶನಿವಾರ ತೇಲಿ’ ಎಂದು ಹೆಸರಾಗಿದ್ದ ಬೆನೆ ಇಸ್ರೇಲಿ ಜನ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದರು. 1960ರ ದಶಕದ ಆದಿಯಲ್ಲಿ, ಇವರ ಮದುವೆಗೆ ಮುಂಚೆ ವಂಶವನ್ನು ಪರೀಕ್ಷಿಸಬೇಕೆಂದು ಅಲ್ಲಿನ ಧರ್ಮಪೀಠ ಕಟ್ಟುಮಾಡಿತು. ಮರಾಠಿ ಮಾತಿನ ಆ ಜನ ಜೆರೂಸಲೇಮಿಗೆ ಹೋಗಿ ಪ್ರತಿಭಟಿಸಿದರು. 1964ರಲ್ಲಿ ಅಲ್ಲಿನ ಸಂಸತ್ತು ಇವರು ಎಲ್ಲ ವಿಧದಲ್ಲಿಯೂ ಯೆಹೂದ್ಯರೆಂದು ಸಾರಬೇಕಾಯಿತು. ಸಲ್ಲಾಹ್ ಪರದೆಯ ಮೇಲೆ ಮನೆ ಕೇಳಿದ ವರ್ಷವೇ ಇವರು ಬೀದಿಯಲ್ಲಿ ಮದುವೆಯ ಹಕ್ಕು ಕೇಳಿದರು.

ಭಾರತದಿಂದ ಹೋದವರನ್ನು ಕುರಿತು ಅವಿ ನೆಶೆರ್ ಅವರು ‘ಲೋಕದ ಕೊನೆಯಲ್ಲಿ ಎಡಕ್ಕೆ ತಿರುಗಿ’ (2004) ಎಂಬ ಚಿತ್ರವನ್ನು ಮಾಡಿದ್ದಾರೆ. ಅರವತ್ತರ ದಶಕದ ಕೊನೆಯಲ್ಲಿ ನೆಗೆವ್ ಮರುಭೂಮಿಯ ಹೊಸ ಊರೊಂದಕ್ಕೆ ಒಂದು ಭಾರತೀಯ ಸಂಸಾರ ಬಂದಿಳಿಯುತ್ತದೆ. ಅಲ್ಲಿ ಆಗಲೇ ಮೊರೊಕ್ಕೊದವರಿದ್ದಾರೆ. ಇವರಿಗೆ ತಾವು ಇಂಗ್ಲಿಷರೆಂಬ ಬಿಂಕ, ಅವರಿಗೆ ತಾವು ಫ್ರೆಂಚರೆಂಬ ಬಿಂಕ. ಇಬ್ಬರಿಗೂ ಗತಿ ಒಂದೇ ಬಾಟಲಿ ಕಾರ್ಖಾನೆ. ಪರ್ಮೀತ್ ಸೇಥಿ, ಕೃತ್ತಿಕಾ ದೇಸಾಯಿ ಮೊದಲಾದ ನಮ್ಮ ನಟರೂ ಇದರಲ್ಲಿದ್ದಾರೆ. ಎರಡು ಮನೆಗಳ ಹುಡುಗಿಯರ ಗೆಳೆತನ ಮನೋಜ್ಞವಾಗಿದೆ. ಆದರೆ ಚಿತ್ರ ಸಿಹಿಯನ್ನು ಸ್ವಲ್ಪ ಹೆಚ್ಚಾಗಿಯೇ ಬೆರೆಸಿದೆ. ಕಾರ್ಖಾನೆಯ ಮುಷ್ಕರವೂ ಕ್ರಿಕೆಟ್ ಪಂದ್ಯವೂ ಒಂದೇ ತೂಕದವೆಂಬಂತೆ ಕಥೆ ಸಾಗುತ್ತದೆ. ಬೆನೆ ಇಸ್ರೇಲಿಗಳು ನಿಜವಾಗಿ ಎದುರಿಸಿದ ಮದುವೆಯ ಪ್ರಶ್ನೆಯನ್ನು ಅದು ತನ್ನ ಕೇಂದ್ರವಾಗಿ ಮಾಡಿಕೊಳ್ಳುವುದಿಲ್ಲ. ಒಳ್ಳೆಯ ಕಥೆಯೊಂದು ಕೈಗೆ ಸಿಕ್ಕಿ ಜಾರಿಹೋಯಿತೆಂದು ಅನ್ನಿಸುತ್ತದೆ.

ಮದುವೆಯನ್ನು ಅದರ ಎಲ್ಲ ಕಹಿಯೊಡನೆ ಹಿಡಿದ ಚಿತ್ರ ದೋವೆರ್ ಕೊಸಾಶ್ವಿಲಿ ಅವರ ‘ತಡವಾದ ಮದುವೆ’ (2001). ಜಾರ್ಜಿಯಾದಿಂದ ಬಂದ ಯೆಹೂದ್ಯ ಸಂಸಾರ. ಮನೆಯಲ್ಲಿ ಮಾತೂ ಬಹಳಮಟ್ಟಿಗೆ ಜಾರ್ಜಿಯನ್ ಭಾಷೆಯೇ. ಮಗ ಜಾಜಾಗೆ ಮೂವತ್ತೊಂದು ವರ್ಷ, ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಾನೆ, ಖರ್ಚು ತಂದೆಯದು. ಚಿತ್ರದ ಮೊದಲ ಭಾಗದಲ್ಲಿಯೇ ಹೆಣ್ಣು ನೋಡುವ ಒಂದು ಸನ್ನಿವೇಶವಿದೆ. ದೊಡ್ಡವರು ಹಜಾರದಲ್ಲಿ ಕುಳಿತು ಮಾತನಾಡುತ್ತಾರೆ. ಹುಡುಗನನ್ನು ಹುಡುಗಿಯ ಕೋಣೆಗೆ ಕಳುಹಿಸುತ್ತಾರೆ. ಉಪ್ಪಿಟ್ಟಿನ ತಟ್ಟೆಯೊಂದನ್ನು ಬಿಟ್ಟರೆ ನಮ್ಮ ಓದುಗರಿಗೆ ಇದರಲ್ಲಿ ಹೊಸದೇನೂ ಇಲ್ಲ! ಆದರೆ ಜಾಜಾನ ಮನಸ್ಸು ಜೂಡಿತ್ ಎಂಬವಳಲ್ಲಿ ನೆಟ್ಟಿದೆ. ಅವಳು ಮೊರೊಕ್ಕೊ ಮೂಲದವಳು, ಅವನಿಗಿಂತ ಮೂರು ವರ್ಷ ದೊಡ್ಡವಳು, ವಿಚ್ಛೇದನವಾದವಳು, ಒಂದು ಮಗುವಿನ ತಾಯಿ. ಒಂದು ರಾತ್ರಿ ಹುಡುಗನ ಬಂಧುಗಳೆಲ್ಲ ಅವಳ ಮನೆಯನ್ನು ಕಾದು, ಬಾಗಿಲು ತೆರೆಸಿ ನುಗ್ಗುತ್ತಾರೆ.

ಆ ದೃಶ್ಯವನ್ನು ಮರೆಯುವಂತಿಲ್ಲ. ಬಂದವರು ರೌಡಿಗಳಲ್ಲ, ಮಗನ ಶ್ರೇಯಸ್ಸನ್ನು ಬಯಸುವ ತಂದೆ, ತಾಯಿ, ಮಾವಂದಿರು. ಅವರ ಪ್ರೀತಿಯೇ ಅವರ ಆಯುಧ. ಅದಕ್ಕಿಂತ ಭಯಂಕರವಾದುದು ಜಾಜಾನ ಮೌನ. ತತ್ತ್ವಶಾಸ್ತ್ರ ಓದಿದವನಿಗೆ ಆ ಹೊತ್ತಿನಲ್ಲಿ ಒಂದು ಮಾತು ಹೊರಡುವುದಿಲ್ಲ. ದಿಗ್ದರ್ಶಕರು ತಾಯಿಯ ಪಾತ್ರಕ್ಕೆ ತಮ್ಮ ಸ್ವಂತ ತಾಯಿಯನ್ನೇ ತಂದು ನಿಲ್ಲಿಸಿದ್ದಾರೆ. ಆಕೆ ವೃತ್ತಿಯಿಂದ ನಟಿಯಲ್ಲ. ಆದ್ದರಿಂದಲೋ ಏನೋ ಆ ತಾಯಿಯ ಮೇಲೆ ನಮಗೆ ಪೂರ್ತಿ ಸಿಟ್ಟು ಬರುವುದಿಲ್ಲ. ಕೊನೆಯಲ್ಲಿ ಮದುವೆ ನಡೆಯುತ್ತದೆ. ಹೆಣ್ಣು ಜೂಡಿತ್ ಅಲ್ಲ. ಕುಡಿದ ಮದುಮಗ, ಕುಣಿಯುವ ಬಂಧುಗಳು. ಬುರೆಕಾಸ್ ಚಿತ್ರಗಳು ಸಂತೋಷದಿಂದ ಮುಗಿಸುತ್ತಿದ್ದ ಅದೇ ಲಗ್ನಮಂಟಪವನ್ನು ಕೊಸಾಶ್ವಿಲಿ ಸೋಲಿನ ಮಂಟಪವಾಗಿ ಮಾಡಿದ್ದಾರೆ. ನೋಡಿದವರು ನಕ್ಕಿದ್ದಕ್ಕೆ ನಾಚಿ ಎದ್ದುಬರಬೇಕು.

ಜೂಡಿತ್ ಆಗಿ ಅಭಿನಯಿಸಿದವರು ರೊನಿತ್ ಎಲ್ಕಬೆಟ್ಸ್. 1964ರಲ್ಲಿ ಬೇರ್‌ಶೆವಾದಲ್ಲಿ ಮೊರೊಕ್ಕೊ ಮೂಲದ ಮನೆಯಲ್ಲಿ ಹುಟ್ಟಿದ ಈ ನಟಿ, ತಮ್ಮ ಶ್ಲೋಮಿಯವರೊಡನೆ ಸೇರಿ ಒಬ್ಬ ಹೆಣ್ಣಿನ ಕಥೆಯನ್ನು ಮೂರು ಚಿತ್ರಗಳಲ್ಲಿ ಹೇಳಿದರು: ‘ಹೆಂಡತಿಯ ಕೈಹಿಡಿ’ (2004), ‘ಏಳು ದಿನ’ (2008), ‘ಗೆಟ್’ (2014). ಹೆಣ್ಣು ವಿವಿಯಾನ್, ಗಂಡ ಎಲೀಶಾ, ಆ ಪಾತ್ರದಲ್ಲಿ ಸಿಮೋನ್ ಅಬ್ಕಾರಿಯನ್. ಮೊದಲನೆಯದರಲ್ಲಿ 1979ರ ಹೈಫಾ ನಗರದ ಒಂದು ಇಕ್ಕಟ್ಟಿನ ಮನೆ, ಮೂರು ದಿನಗಳ ಜಗಳ. ಎರಡನೆಯದರಲ್ಲಿ ಮನೆಯ ಮಗನೊಬ್ಬ ಸತ್ತು, ಒಡಹುಟ್ಟಿದವರೆಲ್ಲ ಏಳು ದಿನ ಒಂದೇ ಸೂರಿನಡಿ ಸೂತಕ ಕೂತಿರುತ್ತಾರೆ. ಕಾಲ 1991ರ ಕೊಲ್ಲಿ ಯುದ್ಧ. ಶವಸಂಸ್ಕಾರಕ್ಕೆ ಬಂದವರು ವಿಷಾನಿಲದ ಮುಖವಾಡ ಧರಿಸಿ ನಿಂತಿದ್ದಾರೆ. ಹೊರಗಿನ ಕ್ಷಿಪಣಿಗಿಂತ ಒಳಗಿನ ಸಾಲ, ಹೊಟ್ಟೆಕಿಚ್ಚು, ಹಳೆಯ ಮುನಿಸುಗಳೇ ಹೆಚ್ಚು ಅಪಾಯಕರವೆಂದು ನಮಗೆ ತೋರತೊಡಗುತ್ತದೆ.

ಮೂರನೆಯದಾದ ‘ಗೆಟ್’ ಈ ಸರಣಿಯ ಶಿಖರ. ಗೆಟ್ ಎಂದರೆ ವಿಚ್ಛೇದನ ಪತ್ರ. ಧರ್ಮಶಾಸ್ತ್ರದಂತೆ ಅದನ್ನು ಗಂಡ ತನ್ನ ಇಚ್ಛೆಯಿಂದ ಹೆಂಡತಿಯ ಕೈಗೆ ಕೊಡಬೇಕು. ಅವನು ಕೊಡದಿದ್ದರೆ ನ್ಯಾಯಾಧೀಶರೂ ತಾವಾಗಿ ಕೊಟ್ಟುಬಿಡುವಂತಿಲ್ಲ. ಚಿತ್ರವೆಲ್ಲ ನ್ಯಾಯಾಲಯದ ಒಂದು ಬೋಳು ಕೋಣೆ ಮತ್ತು ಅದರ ಹೊರಗಿನ ಬೆಂಚುಗಳಲ್ಲಿ ಮುಗಿಯುತ್ತದೆ. ಕಥೆಯೊಳಗೆ ಐದು ವರ್ಷ ಕಳೆಯುತ್ತವೆ: ಗಂಡ ಬರುವುದಿಲ್ಲ, ಬಂದರೆ ಒಪ್ಪುವುದಿಲ್ಲ, ಸಾಕ್ಷಿಗಳು ಬರುತ್ತಾರೆ, ಹೋಗುತ್ತಾರೆ, ಮುಂದಿನ ತಾರೀಖು. ಕ್ಯಾಮೆರಾ ಸದಾ ಆ ಕೋಣೆಯಲ್ಲಿರುವ ಯಾರಾದರೊಬ್ಬರ ಕಣ್ಣಿನಿಂದಲೇ ನೋಡುತ್ತದೆ; ತಾನೇ ಎತ್ತರದಲ್ಲಿ ನಿಂತು ತೀರ್ಪು ಕೊಡುವುದಿಲ್ಲ. ಈ ಸಂಯಮವೇ ಚಿತ್ರದ ಬಲ. ಒಮ್ಮೆ ವಿವಿಯಾನ್ ಆಯಾಸದಿಂದ ತಲೆಗೂದಲನ್ನು ಬಿಚ್ಚಿ ಬೆನ್ನಮೇಲೆ ಇಳಿಬಿಡುತ್ತಾಳೆ. ನ್ಯಾಯಾಧೀಶ ಗದರಿಸುತ್ತಾನೆ. ಅಷ್ಟು ವಾದ ಪ್ರತಿವಾದಗಳಲ್ಲಿ ತಿಳಿಯದ ಸಂಗತಿ ಆ ಒಂದು ಗದರಿಕೆಯಲ್ಲಿ ತಿಳಿಯುತ್ತದೆ.

ಎಲೀಶಾ ಹೊಡೆಯುವ ಗಂಡನಲ್ಲ, ಕುಡುಕನಲ್ಲ. ದೈವಭಕ್ತ, ಸಂಭಾವಿತನೆಂದು ನೆರೆಯವರೇ ಸಾಕ್ಷಿ ಹೇಳುತ್ತಾರೆ. ‘ಹಾಗಾದರೆ ನಿನಗೇನು ಕಷ್ಟ?’ ಎಂಬುದೇ ವಿವಿಯಾನಳಿಗೆ ಎಲ್ಲರ ಪ್ರಶ್ನೆ. ಒಲ್ಲದ ಮನೆಯಲ್ಲಿ ಇರಲಾರೆ ಎಂಬುದು ಕಾನೂನಿನ ಪುಸ್ತಕದಲ್ಲಿ ಕಾರಣವಾಗುವುದಿಲ್ಲ. ಇಲ್ಲಿ ಖಳನಾಯಕನಿದ್ದಿದ್ದರೆ ಚಿತ್ರ ಸುಲಭವಾಗುತ್ತಿತ್ತು, ಸಣ್ಣದೂ ಆಗುತ್ತಿತ್ತು. ಕೊನೆಗೆ ಎಲೀಶಾ ಒಪ್ಪಿ, ಕೊಡುವ ಗಳಿಗೆಯಲ್ಲಿ ಮಂತ್ರದ ಮಾತು ಗಂಟಲಲ್ಲಿ ಸಿಕ್ಕಿ ನಿಂತುಬಿಡುತ್ತಾನೆ. ಅವನೂ ಒಂದು ಕಟ್ಟಿನಲ್ಲಿ ಸಿಕ್ಕಿದವನೇ ಎಂದು ಆಗ ಅರಿವಾಗುತ್ತದೆ. ಬೇರೆ ಯಾವ ಗಂಡಸಿನೊಡನೆಯೂ ಬಾಳುವುದಿಲ್ಲವೆಂದು ಅವಳಿಂದ ಮಾತು ಪಡೆದೇ ಅವನು ಬಿಡುಗಡೆಗೆ ಒಪ್ಪುತ್ತಾನೆ. ಬಿಡುಗಡೆಗೂ ಒಂದು ಬೇಡಿ! ರೊನಿತ್ ಎಲ್ಕಬೆಟ್ಸ್ 2016ರಲ್ಲಿ ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ವಿವಿಯಾನ್ ಮಾತಿಗಿಂತ ಮೌನದಲ್ಲಿ ಹೆಚ್ಚು ಹೇಳಿದವಳು. ಅಂಥ ಅಭಿನಯ ಎಲ್ಲ ಭಾಷೆಯ ಚಿತ್ರಗಳಲ್ಲಿಯೂ ವಿರಳ.

ಇಷ್ಟು ಹೊತ್ತು ನಾವು ನೋಡಿದ್ದು ಮನೆಯೊಳಗಿನ ಜಗಳ. ಆದರೆ ಪಕ್ಕದ ಮನೆಯೊಂದಿದೆ. 1948ರಲ್ಲಿ ಏಳು ಲಕ್ಷದಷ್ಟು ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಸಲ್ಲಾಹನಿಗೆ ಮನೆ ಸಿಕ್ಕಿತೆಂದು ನಗುವ ಚಿತ್ರದಲ್ಲಿ, ಮನೆ ಬಿಟ್ಟು ಹೋದವರ ನೆರಳೂ ಸುಳಿಯುವುದಿಲ್ಲ. ನಾವು ಮೆಚ್ಚಿದ ಚಿತ್ರಗಳಲ್ಲಿ ಹೆಚ್ಚಿನವು ತಮ್ಮ ಗೋಡೆಯೊಳಗಿನ ಅನ್ಯಾಯವನ್ನು ಧೈರ್ಯವಾಗಿ ನೋಡಿ, ಕಿಟಕಿಯಿಂದಾಚೆ ನೋಡದೆ ಉಳಿದವು. ಇದು ಸಣ್ಣ ಕೊರತೆಯಲ್ಲ.

ಕಿಟಕಿಯನ್ನು ತೆರೆದವರಲ್ಲಿ ಎರಾನ್ ರಿಕ್ಲಿಸ್ ಒಬ್ಬರು. ಪ್ಯಾಲೆಸ್ಟೀನೀ ಲೇಖಕಿ ಸುಹಾ ಅರ್ರಾಫ್ ಅವರೊಡನೆ ಸೇರಿ ಬರೆದ ಅವರ ಎರಡು ಚಿತ್ರಗಳಲ್ಲಿ, ನಮ್ಮ ಗ್ರಹಿಕೆಗೆ ಸಾಕ್ಷಿಯೆಂಬಂತೆ, ಒಂದು ಮದುವೆಯದು, ಇನ್ನೊಂದು ಮನೆಯದು. ‘ಸಿರಿಯಾದ ಮದುವಣಗಿತ್ತಿ’ (2004) ನಡೆಯುವುದು 1967ರಲ್ಲಿ ಇಸ್ರೇಲ್ ವಶಪಡಿಸಿಕೊಂಡ ಗೋಲಾನ್ ಬೆಟ್ಟದ ದ್ರೂಜ್ ಹಳ್ಳಿಯಲ್ಲಿ. ಹುಡುಗಿ ಗಡಿಯಾಚೆಯ ವರನನ್ನು ವರಿಸಿ ಹೊರಟಿದ್ದಾಳೆ; ಒಮ್ಮೆ ದಾಟಿದರೆ ತವರಿಗೆ ಮರಳುವಂತಿಲ್ಲ. ಅವಳ ಕಾಗದದಲ್ಲಿ ರಾಷ್ಟ್ರೀಯತೆ ‘ಅನಿರ್ದಿಷ್ಟ’. ಈಚೆಯ ಅಧಿಕಾರಿ ಒಂದು ಮುದ್ರೆ ಒತ್ತುತ್ತಾನೆ, ಆಚೆಯವನು ಆ ಮುದ್ರೆಯನ್ನು ಒಪ್ಪುವುದಿಲ್ಲ. ಮದುವಣಗಿತ್ತಿ ಬಿಳಿಯ ಉಡುಪಿನಲ್ಲಿ ಬಿಸಿಲಲ್ಲಿ ಕುಳಿತು ಕಾಯುತ್ತಾಳೆ. ‘ನಿಂಬೆಯ ಮರ’ದಲ್ಲಿ (2008) ಸಲ್ಮಾ ಎಂಬ ಪ್ಯಾಲೆಸ್ಟೀನೀ ವಿಧವೆಯ ನಿಂಬೆತೋಟದ ಪಕ್ಕಕ್ಕೆ ಇಸ್ರೇಲಿನ ರಕ್ಷಣಾ ಮಂತ್ರಿ ಬಂದು ಮನೆ ಮಾಡುತ್ತಾನೆ. ಭದ್ರತೆಗಾಗಿ ತೋಟವನ್ನು ಕಡಿಯಬೇಕೆಂದು ಆಜ್ಞೆಯಾಗುತ್ತದೆ. ಅವಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗುತ್ತಾಳೆ. ಸಲ್ಮಾಳಾಗಿ ಹಿಯಾಮ್ ಅಬ್ಬಾಸ್ ಹೆಚ್ಚು ಮಾತನಾಡುವುದಿಲ್ಲ. ಮರಗಳ ನಡುವೆ ನಡೆಯುವ ಅವರ ನಡಿಗೆಯೇ ವಾದ. ಬೇಲಿಯಾಚೆಯಿಂದ ಮಂತ್ರಿಯ ಹೆಂಡತಿ ಅವಳನ್ನು ನೋಡುತ್ತಾಳೆ. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಅರಿಯುತ್ತಾರೆ, ಆದರೆ ಆ ಅರಿವಿಗೆ ಬೇಲಿಯನ್ನು ಕೀಳುವ ಶಕ್ತಿಯಿಲ್ಲ. ಮಂತ್ರಿಗೆ ಕೊನೆಗೆ ಉಳಿಯುವ ನೋಟ ಒಂದು ಕಾಂಕ್ರೀಟಿನ ಗೋಡೆ. ಸಂಕೇತ ತುಸು ಸ್ಪಷ್ಟವಾಯಿತೆಂದು ರಸಿಕರು ಹೇಳಬಹುದು. ಆದರೆ ಗೋಡೆಯನ್ನು ಇನ್ನು ಹೇಗೆ ತೋರಿಸುವುದು?

ಈ ಕಿಟಕಿಯನ್ನು ತೆರೆದಿಡುವುದು ಈಗ ಸುಲಭವಲ್ಲ. 2025ರ ಸೆಪ್ಟೆಂಬರಿನಲ್ಲಿ ಇಸ್ರೇಲಿನ ಅತ್ಯುನ್ನತವಾದ ಓಫಿರ್ ಪ್ರಶಸ್ತಿ ಶಾಯ್ ಕಾರ್ಮೆಲಿ-ಪೊಲ್ಲಾಕ್ ಅವರ ‘ಕಡಲು’ ಚಿತ್ರಕ್ಕೆ ಬಂತು. ರಾಮಲ್ಲಾದ ಕಡೆಯ ಹನ್ನೆರಡು ವರ್ಷದ ಹುಡುಗ. ಶಾಲೆಯವರೊಡನೆ ಕಡಲು ನೋಡಹೊರಟವನನ್ನು ತನಿಖೆಯ ಠಾಣೆಯಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ. ಅವನು ಒಬ್ಬನೇ ಹೊರಡುತ್ತಾನೆ; ಪರವಾನಗಿಯಿಲ್ಲದೆ ಇಸ್ರೇಲಿನಲ್ಲಿ ದುಡಿಯುತ್ತಿರುವ ತಂದೆ ಸಿಕ್ಕಿಬೀಳುವ ಭಯವನ್ನು ಬಿಟ್ಟು ಮಗನನ್ನು ಹುಡುಕುತ್ತಾನೆ. ಪ್ರಶಸ್ತಿ ಬಂದೊಡನೆ, ಆ ಸಮಾರಂಭಕ್ಕೆ ಸರ್ಕಾರದ ಹಣ ನಿಲ್ಲಿಸುವುದಾಗಿ ಸಂಸ್ಕೃತಿ ಸಚಿವರು ಸಾರಿದರು. ಅದೇ ತಿಂಗಳಲ್ಲಿ ಹೊರದೇಶಗಳ ಸಾವಿರಾರು ಚಿತ್ರಕಲಾವಿದರು, ಗಾಜಾದ ಅನ್ಯಾಯದಲ್ಲಿ ಪಾಲುಗಾರರೆಂದು ತಮಗೆ ತೋರಿದ ಇಸ್ರೇಲಿನ ಚಿತ್ರಸಂಸ್ಥೆಗಳೊಡನೆ ಕೆಲಸ ಮಾಡುವುದಿಲ್ಲವೆಂದು ಸಹಿ ಹಾಕಿದ್ದರು. ಗಾಜಾದಲ್ಲಿ ಬಹುಪಾಲು ಜನ ಮನೆ ಬಿಟ್ಟು ಓಡಬೇಕಾಗಿ ಬಂದುದನ್ನು ನೆನೆದರೆ ಆ ಸಿಟ್ಟು ಅರ್ಥವಾಗದ ಮಾತಲ್ಲ. ಆದರೂ ಮನೆಯ ಯಜಮಾನನೂ ಬೈಯುವ, ಬೀದಿಯವರೂ ಒಲ್ಲೆನೆನ್ನುವ ಸ್ಥಿತಿಯಲ್ಲಿ ಪ್ರಾಮಾಣಿಕ ಕಲಾವಿದ ಎಲ್ಲಿ ನಿಲ್ಲಬೇಕು?

ಇಂಥ ಹೊತ್ತಿನಲ್ಲಿ ಈ ಚಿತ್ರಗಳನ್ನು ನೋಡಬೇಕೆ ಎಂದು ಕೇಳುವವರುಂಟು. ನೋಡಬೇಕೆಂದೇ ನಮ್ಮ ಮಾತು. ಕಣ್ಣು ತೆರೆದು ನೋಡಬೇಕು. ಒಂದು ದೇಶ ತನ್ನ ಬಗ್ಗೆ ಹೇಳಿಕೊಳ್ಳುವ ಭಾಷಣಕ್ಕೂ ಅದರ ಅಡಿಗೆಮನೆಯಲ್ಲಿ ಆಡುವ ಮಾತಿಗೂ ಇರುವ ಅಂತರವನ್ನು ಇವು ತೋರಿಸುತ್ತವೆ. ಸಲ್ಲಾಹ್ ಕೇಳಿದ್ದು ಒಂದು ಮನೆ. ವಿವಿಯಾನ್ ಕೇಳಿದ್ದು ಮನೆಯಿಂದ ಹೊರಗೆ ಹೋಗುವ ಹಕ್ಕು. ಸಲ್ಮಾ ಕೇಳಿದ್ದು ಇರುವ ತೋಟವನ್ನು ಬಿಡಿ ಎಂದು. ಮೂವರ ಬೇಡಿಕೆಯೂ ಸಾಧಾರಣವಾದದ್ದೇ. ಅಷ್ಟು ಸಾಧಾರಣವಾದದ್ದನ್ನು ಪಡೆಯಲು ಅಲ್ಲಿ ಮೆರವಣಿಗೆ, ಮಠ, ನ್ಯಾಯಾಲಯ, ಸೈನ್ಯ ಎಲ್ಲವನ್ನೂ ಹಾಯಬೇಕಾಗಿದೆ.